ಕೊರಿಯಾದ ಕಲೆಯಲ್ಲಿ ಮೇಲು-ಕೀಳು ಮತ್ತು ಹಂಚಿಕೊಂಡ ದುಃಖ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯಾದ ಸಿನಿಮಾ, ಧಾರಾವಾಹಿ, ಹಾಡುಗಳು ಕನ್ನಡದ ಮನೆಗಳಿಗೂ ಬಂದು ಕೂತಿವೆ. ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಬಡವ-ಬಲ್ಲಿದರ ಗೋಡೆ ಪ್ರತಿ ಕಥೆಯಲ್ಲೂ ಯಾಕೆ ಎದ್ದು ನಿಲ್ಲುತ್ತದೆ? ಒಬ್ಬರ ಅಳು ಊರಿನ ಅಳುವಾಗುವುದು ಹೇಗೆ? ಈ ಎರಡು ಪ್ರಶ್ನೆಗೂ ಬೇರು ಒಂದೇ ಎಂದು ನಾನು ನಂಬಿದ್ದೇನೆ. ಅದಕ್ಕೇ ಇಲ್ಲಿ ಹೊಸ ಸಿನಿಮಾಗಳಿಗಿಂತ ಹಳೆಯ ಹಾಡು-ಕುಣಿತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಷ್ಟೊಂದು ದುಃಖ ಕೊರಿಯನ್ನರ ಹುಟ್ಟುಗುಣವೇ?

ಹಾಗೆ ಹೇಳುವವರು ಬಹಳ ಮಂದಿ ಇದ್ದಾರೆ. ನುಂಗಿಕೊಂಡ ಅನ್ಯಾಯ ಎದೆಯೊಳಗೆ ಗಂಟಾಗಿ ಕೂರುವುದನ್ನು ಅಲ್ಲಿಯವರು ‘ಹಾನ್’ ಎನ್ನುತ್ತಾರೆ. ಅದು ಅವರ ರಕ್ತದಲ್ಲೇ ಇದೆ ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲೂ ಸಿಗುತ್ತದೆ. ಈ ಮಾತಿಗೆ ಒಂದು ಇತಿಹಾಸವಿದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಆ ಕಾಲದಲ್ಲಿ ಯಾನಾಗಿ ಸೋಯೆತ್ಸು ಎಂಬ ಜಪಾನಿ ಕಲಾವಿಮರ್ಶಕ ಕೊರಿಯಾದ ಬಿಳಿ ಪಿಂಗಾಣಿ, ಬಿಳಿ ಉಡುಪು, ಬಾಗಿದ ಗೆರೆಗಳನ್ನು ಕಂಡು ಇದು ‘ದುಃಖದ ಸೌಂದರ್ಯ’ ಎಂದು ಬರೆದ. ಆತ ಕೊರಿಯಾವನ್ನು ನಿಜವಾಗಿ ಪ್ರೀತಿಸಿದವನು. ಸೋಲ್ ನಗರದ ಗ್ವಾಂಗ್‌ಹ್ವಾಮುನ್ ಹೆಬ್ಬಾಗಿಲನ್ನು ಕೆಡವಲು ಹೊರಟಾಗ ಸ್ವಂತ ಸರ್ಕಾರದ ವಿರುದ್ಧವೇ 1922ರಲ್ಲಿ ದನಿ ಎತ್ತಿದವನು. ಆದರೂ ಮುಂದೆ ಕೊರಿಯಾದ ವಿಮರ್ಶಕರು ಅವನ ಮಾತನ್ನು ಒಪ್ಪಲಿಲ್ಲ. ಆಳಿಸಿಕೊಳ್ಳುವವರನ್ನು ‘ಅಳುವ ಜನ’ ಎಂದು ಕರೆದುಬಿಟ್ಟರೆ ಅಳಿಸಿದವರು ಯಾರು ಎಂದು ಕೇಳುವವರೇ ಇರುವುದಿಲ್ಲ ಎಂಬುದು ಅವರ ತಕರಾರು. ನಾನು ಆ ತಕರಾರಿನ ಪಕ್ಷ. ಕೊರಿಯಾದ ಕಲೆಯ ದುಃಖಕ್ಕೆ ಊರಿದೆ, ಇಸವಿ ಇದೆ, ಕಾರಣರಾದವರ ಹೆಸರಿದೆ.

ಹಳೆಯ ಕಾಲದ ಶ್ರೇಣಿ ಹೇಗಿತ್ತು?

ಜೋಸನ್ ರಾಜಮನೆತನ 1392ರಿಂದ 1910ರವರೆಗೆ ಆಳಿತು. ಮೇಲೆ ಯಾಂಗ್‌ಬಾನ್, ಅಂದರೆ ಕನ್‌ಫ್ಯೂಷಿಯನ್ ಗ್ರಂಥಗಳನ್ನು ಓದಿ, ಪರೀಕ್ಷೆ ಬರೆದು ಅಧಿಕಾರ ಹಿಡಿಯುವ ಕುಲೀನರು. ಅವರ ಕೆಳಗೆ ವೈದ್ಯ, ದುಭಾಷಿ, ಗುಮಾಸ್ತರ ಒಂದು ನಡುವಣ ಪದರ. ಆಮೇಲೆ ತೆರಿಗೆ ಕಟ್ಟುವ ರೈತರು. ಎಲ್ಲರಿಗಿಂತ ಕೆಳಗೆ ‘ಚೊನ್ಮಿನ್’, ಅಂದರೆ ಕೀಳುಜನ. ವಂಶಪಾರಂಪರ್ಯ ಜೀತದಾಳುಗಳು, ದನ ಕಡಿಯುವ ಬೆಕ್‌ಜೊಂಗ್‌ಗಳು, ದೇವರು ಮೈಮೇಲೆ ಬರುವ ಮುದಾಂಗ್‌ಗಳು, ಕುಣಿದು ಹಾಡುವ ಗ್ವಾಂಗ್‌ದೆಗಳು, ಗೀಸೆಂಗ್ ಎಂಬ ನರ್ತಕಿಯರು ಎಲ್ಲರೂ ಇದರಲ್ಲಿ ಬರುತ್ತಿದ್ದರು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಇಂದು ಕೊರಿಯಾದ ಹೆಮ್ಮೆ ಎನಿಸಿಕೊಂಡಿರುವ ಹಾಡು, ಕುಣಿತ, ಪೂಜಾಕುಣಿತಗಳ ಬಹುಪಾಲು ಈ ಕಡೆಯ ಸಾಲಿನವರ ಕೈಯಿಂದ ಬಂದದ್ದು.

ಕಾಗದದ ಮೇಲೆ 1894ರಲ್ಲಿ ಈ ಶ್ರೇಣಿ ರದ್ದಾಯಿತು. ಬದುಕಿನಲ್ಲಿ ಅಷ್ಟು ಬೇಗ ಹೋಗಲಿಲ್ಲ. ಬೆಕ್‌ಜೊಂಗ್ ಜನ ತಮ್ಮನ್ನೂ ಮನುಷ್ಯರಂತೆ ಕಾಣಿ ಎಂದು 1923ರಲ್ಲಿ ಜಿಂಜು ಪಟ್ಟಣದಲ್ಲಿ ಸಂಘ ಕಟ್ಟಬೇಕಾಯಿತು. ಅದೇ ಪಟ್ಟಣದಲ್ಲಿ 1909ರಲ್ಲಿ ಅವರ ಜೊತೆ ಒಂದೇ ಚರ್ಚಿನಲ್ಲಿ ಕೂರಲು ಉಳಿದ ಭಕ್ತರು ಒಪ್ಪದೆ ಗಲಾಟೆಯಾಗಿತ್ತು. ಜಾತಿಯ ಕಥೆ ಗೊತ್ತಿರುವ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಪಾನ್ಸೋರಿ ಎಂದರೇನು?

ಒಬ್ಬರು ಹಾಡುಗಾರರು, ಒಬ್ಬರು ಮದ್ದಳೆಗಾರರು, ಒಂದು ಚಾಪೆ, ಒಂದು ಬೀಸಣಿಗೆ. ಇಷ್ಟರಲ್ಲೇ ಒಂದು ಇಡೀ ಕಥೆ ನಡೆಯುತ್ತದೆ. ಹಾಡುಗಾರರೇ ನಾಯಕಿ, ಅವರೇ ಖಳ, ಅವರೇ ದಾರಿಹೋಕ. ಹಾಡು, ನಡುವೆ ಮಾತು, ಕೈಸನ್ನೆ ಮೂರೂ ಸೇರಿ ಪೂರ್ತಿ ಕಥೆಯೊಂದಕ್ಕೆ ಆರೆಂಟು ಗಂಟೆಯೂ ಹಿಡಿಯಬಹುದು. ನೈಋತ್ಯದ ಜೊಲ್ಲಾ ಪ್ರಾಂತ್ಯದಲ್ಲಿ, ಪೂಜಾಕುಣಿತದ ಮನೆತನಗಳ ಆಸುಪಾಸಿನಲ್ಲಿ ಇದು ಬೆಳೆಯಿತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹಿಂದೆ ಹನ್ನೆರಡು ಕಥೆಗಳಿದ್ದವು, ಹಾಡಿನ ಪರಂಪರೆಯಲ್ಲಿ ಉಳಿದವು ಐದು. 2003ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು.

ದನಿ ನಯವಾಗಿರುವುದಿಲ್ಲ. ಜಲಪಾತದ ಸದ್ದಿಗೆ ಎದುರಾಗಿ ತಿಂಗಳುಗಟ್ಟಲೆ ಹಾಡಿ, ಗಂಟಲು ಒಡೆದು, ಮತ್ತೆ ಕೂಡಿದ ಮೇಲೆ ಬರುವ ಒರಟು ದನಿಯೇ ಅಲ್ಲಿ ಬೆಲೆ ಬಾಳುವುದು. ಮೊದಲ ಸಲ ಕೇಳಿದಾಗ ಕಿವಿಗೆ ಒಗ್ಗದಿದ್ದರೆ ಬೇಸರಪಡಬೇಡಿ.

ಚುನ್ಹ್ಯಾಂಗ್ ಕಥೆ ಪ್ರೇಮಕಥೆ ತಾನೇ? ಅದರಲ್ಲಿ ಮೇಲು-ಕೀಳು ಎಲ್ಲಿಂದ ಬಂತು?

ನಮ್‌ವೊನ್ ಪಟ್ಟಣದ ನರ್ತಕಿಯ ಮಗಳು ಚುನ್ಹ್ಯಾಂಗ್, ಅಲ್ಲಿನ ಅಧಿಕಾರಿಯ ಮಗ ಮೊಂಗ್‌ನ್ಯೊಂಗ್. ಪ್ರೀತಿಸಿ ಗುಟ್ಟಾಗಿ ಮದುವೆಯಾಗುತ್ತಾರೆ, ಅವನು ರಾಜಧಾನಿಗೆ ಹೋಗುತ್ತಾನೆ. ಹೊಸದಾಗಿ ಬಂದ ಅಧಿಕಾರಿ ಬ್ಯೊನ್, ಚುನ್ಹ್ಯಾಂಗ್ ತನ್ನ ಸೇವೆಗೆ ಬರಲಿ ಎಂದು ಅಪ್ಪಣೆ ಮಾಡುತ್ತಾನೆ. ನರ್ತಕಿಯ ಮಗಳಿಗೆ ‘ಒಲ್ಲೆ’ ಎನ್ನುವ ಹಕ್ಕು ಇತ್ತೇ? ಕಥೆಯ ಎಲುಬು ಈ ಪ್ರಶ್ನೆ. ಅವಳು ಒಲ್ಲೆ ಎನ್ನುತ್ತಾಳೆ. ಬಿದ್ದ ಏಟುಗಳನ್ನು ಒಂದೊಂದಾಗಿ ಎಣಿಸುತ್ತಾ, ಆಯಾ ಅಂಕಿಯಿಂದಲೇ ಶುರುವಾಗುವ ಉತ್ತರ ಹಾಡುತ್ತಾಳೆ. ಹೊಡೆಯುವವನ ಎಣಿಕೆಯನ್ನೇ ಅವಳು ತನ್ನ ಪದ್ಯಕ್ಕೆ ಪ್ರಾಸ ಮಾಡಿಕೊಳ್ಳುತ್ತಾಳೆ.

ಕೊನೆಗೆ ಮೊಂಗ್‌ನ್ಯೊಂಗ್ ರಾಜನ ಗುಪ್ತ ತನಿಖಾಧಿಕಾರಿಯಾಗಿ, ಭಿಕ್ಷುಕನ ವೇಷದಲ್ಲಿ ಬರುತ್ತಾನೆ. ಬ್ಯೊನ್‌ನ ಹುಟ್ಟುಹಬ್ಬದ ಔತಣ ನಡೆದಿದೆ. ಮೂಲೆಯಲ್ಲಿ ಕೂತ ಭಿಕ್ಷುಕ ಒಂದು ಪದ್ಯ ಬರೆದು ಕೊಡುತ್ತಾನೆ. ಚಿನ್ನದ ಬಟ್ಟಲಿನ ಮದ್ಯ ಸಾವಿರ ಜನರ ರಕ್ತ, ಜೇಡ್ ಕಲ್ಲಿನ ತಟ್ಟೆಯ ಭಕ್ಷ್ಯ ಹತ್ತು ಸಾವಿರ ಜನರ ಕೊಬ್ಬು, ದೀಪದ ಮೇಣ ಇಳಿದಾಗ ಜನರ ಕಣ್ಣೀರು ಇಳಿಯುತ್ತದೆ, ಹಾಡು ಏರಿದಲ್ಲಿ ಗೋಳೂ ಏರುತ್ತದೆ ಎಂಬುದು ಅದರ ತಾತ್ಪರ್ಯ. ಓದಿದ ಸುತ್ತಲಿನ ಅಧಿಕಾರಿಗಳು ಬೆವರಿ, ನೆಪ ಹೇಳಿ ಜಾಗ ಖಾಲಿ ಮಾಡಲು ನೋಡುತ್ತಾರೆ. ಆ ಓಟವನ್ನು ಹಾಡುಗಾರರು ಅತಿ ಚುರುಕು ತಾಳದಲ್ಲಿ, ಸಭೆ ಬಿದ್ದು ಬಿದ್ದು ನಗುವಂತೆ ಹಾಡುತ್ತಾರೆ. ಪಾನ್ಸೋರಿಯಲ್ಲಿ ಅಳುವಿನ ಬೆನ್ನಿಗೇ ನಗು ಇರುತ್ತದೆ. ಅದನ್ನು ಬಿಟ್ಟು ಬರೀ ದುಃಖವನ್ನು ಹೇಳುವವರು ಅರ್ಧ ಮಾತ್ರ ಕೇಳಿದ್ದಾರೆ.

ಹುಂಗ್‌ಬುವಿನ ಕಥೆಯೂ ಹೀಗೇ. ಮಕ್ಕಳೊಂದಿಗನಾದ ಬಡ ತಮ್ಮ, ಶ್ರೀಮಂತ ಅಣ್ಣನ ಮನೆಗೆ ಅಕ್ಕಿ ಕೇಳಲು ಹೋಗುತ್ತಾನೆ. ಅತ್ತಿಗೆ ಅನ್ನದ ಸೌಟಿನಿಂದಲೇ ಕೆನ್ನೆಗೆ ಬಾರಿಸುತ್ತಾಳೆ. ಕೆನ್ನೆಗೆ ಅಂಟಿದ ಅಗುಳುಗಳನ್ನು ತಿಂದು ಅವನು ಇನ್ನೊಂದು ಕೆನ್ನೆಯನ್ನೂ ಒಡ್ಡುತ್ತಾನೆ. ಕೊರಿಯಾದ ಪ್ರತಿ ಮಗುವಿಗೂ ಗೊತ್ತಿರುವ ಚಿತ್ರ ಇದು. ನಗಬೇಕೋ ಅಳಬೇಕೋ ತಿಳಿಯದೆ ಕರುಳು ಕಿವುಚುತ್ತದೆ.

ಯುದ್ಧದ ಕಥೆಗಳೂ ಇವೆಯಂತಲ್ಲ?

ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಇದೇ. ‘ಜೊಕ್‌ಬ್ಯೊಕ್‌ಗಾ’ ಎಂಬುದು ಚೀನಾದ ಮೂರು ರಾಜ್ಯಗಳ ಕಾಲದ ಕೆಂಪುಬಂಡೆ ಕದನದ ಕಥೆ. ಚೀನಾದ ಪ್ರಸಿದ್ಧ ಕಾದಂಬರಿಯಲ್ಲಿ ಇದು ಸೇನಾಪತಿಗಳ, ತಂತ್ರಗಾರರ ಕಥೆ. ಅದನ್ನು ಎತ್ತಿಕೊಂಡ ಕೊರಿಯಾದ ಕೀಳುಜನ ಏನು ಮಾಡಿದರು ನೋಡಿ. ಕದನದ ಹಿಂದಿನ ರಾತ್ರಿಗೆ ಮೂಲದಲ್ಲಿಲ್ಲದ ದೃಶ್ಯವೊಂದನ್ನು ಸೇರಿಸಿದರು. ಹೆಸರಿಲ್ಲದ ಸಿಪಾಯಿಗಳು ಕೂತು ಒಬ್ಬೊಬ್ಬರಾಗಿ ಅಳುತ್ತಾರೆ. ಒಬ್ಬನಿಗೆ ಮುದಿ ತಂದೆತಾಯಿಯ ನೆನಪು. ಇನ್ನೊಬ್ಬ ಎಷ್ಟೋ ಹರಕೆ ಹೊತ್ತು ಹಡೆದ ಮಗನನ್ನು ಬಿಟ್ಟು ಬಂದವನು. ಮತ್ತೊಬ್ಬನನ್ನು ಹೊಸ ಹೆಂಡತಿಯ ಪಕ್ಕದಿಂದಲೇ ಎಬ್ಬಿಸಿ ತಂದಿದ್ದಾರೆ. ನಡುವೆ ಒಬ್ಬರನ್ನೊಬ್ಬರು ಛೇಡಿಸುತ್ತಾರೆ, ನಗುತ್ತಾರೆ.

ಮರುದಿನ ಕದನದ ಬೆಂಕಿಯಲ್ಲಿ ಅವರಲ್ಲಿ ಬಹುಪಾಲು ಮಂದಿ ಸಾಯುತ್ತಾರೆ. ಯಾರು ಹೇಗೆ ಸತ್ತ ಎಂದು ಹಾಡು ಉದ್ದಕ್ಕೂ ಪಟ್ಟಿ ಮಾಡುತ್ತದೆ. ಸೋತು ಓಡುವ ಅವರ ದೊರೆ ತ್ಸಾವ್ ತ್ಸಾವ್‌ಗೆ ಕಾಡಿನಲ್ಲಿ ಹಕ್ಕಿಗಳ ಕೂಗು ಕೇಳಿಸುತ್ತದೆ. ಸತ್ತ ಸಿಪಾಯಿಗಳೇ ಹಕ್ಕಿಗಳಾಗಿ ಅವನನ್ನು ಶಪಿಸುತ್ತಿದ್ದಾರೆ. ಆಮೇಲೆ ಉಳಿದವರ ತಲೆ ಎಣಿಸುವ ದೃಶ್ಯ. ಕೈಕಾಲು ಮುರಿದ ಸಿಪಾಯಿಗಳು ಕುಂಟುತ್ತಾ ಬಂದು ತಮ್ಮ ದೊರೆಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುತ್ತಾರೆ. ವೀರಗಾಥೆಯೊಂದನ್ನು ಕೆಳಗಿನಿಂದ ಕಂಡರೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೇಳುವವರು ಸುಮ್ಮನೆ ಕೂರುತ್ತಾರೆಯೇ?

ಇಲ್ಲ. ‘ಒಲ್ಶಿಗು’, ‘ಚಾಲ್ಹಂದಾ’ ಎಂದು ಮದ್ದಳೆಗಾರರೂ ಸಭಿಕರೂ ನಡುವೆ ದನಿಗೂಡಿಸುತ್ತಾರೆ. ನಮ್ಮ ಕಡೆಯ ‘ಭೇಷ್’ನಂತೆ ಮೆಚ್ಚುಗೆಯೂ ಹೌದು, ಅಳುವ ಪಾತ್ರಕ್ಕೆ ‘ಅಯ್ಯೋ ಪಾಪ’ ಎಂಬ ಸಾಂತ್ವನವೂ ಹೌದು. ಎಲ್ಲಿ ದನಿಗೂಡಿಸಬೇಕೆಂದು ಬಲ್ಲ ಕೇಳುಗರಿಗೆ ಅಲ್ಲಿ ಕಲಾವಿದರಷ್ಟೇ ಗೌರವ.

ಶಿಮ್ ಚೊಂಗ್ ಕಥೆಯ ಕೊನೆಯನ್ನು ಇದರ ಜೊತೆಗಿಟ್ಟು ನೋಡಬೇಕು. ಕುರುಡ ತಂದೆಗೆ ಕಣ್ಣು ಬರಲೆಂದು ಮಗಳು ಮುನ್ನೂರು ಮೂಟೆ ಅಕ್ಕಿಗೆ ತನ್ನನ್ನೇ ನಾವಿಕರಿಗೆ ಮಾರಿಕೊಳ್ಳುತ್ತಾಳೆ. ಸಮುದ್ರಕ್ಕೆ ಬಲಿಯಾದವಳು ಮತ್ತೆ ಬದುಕಿ ರಾಣಿಯಾಗುತ್ತಾಳೆ, ದೇಶದ ಕುರುಡರಿಗೆಲ್ಲ ಔತಣ ಏರ್ಪಡಿಸುತ್ತಾಳೆ. ಮಗಳ ದನಿ ಕೇಳಿ ತಂದೆಗೆ ಕಣ್ಣು ಬರುತ್ತದೆ. ಕಥೆ ಅಲ್ಲಿಗೇ ನಿಂತಿದ್ದರೆ ಅದು ಒಂದು ಮನೆಯ ಸುಖವಾಗುತ್ತಿತ್ತು. ಹಾಡು ಮುಂದುವರಿದು, ಅಲ್ಲಿದ್ದ ಎಲ್ಲ ಕುರುಡರಿಗೂ, ಬರುತ್ತಾ ದಾರಿಯಲ್ಲಿದ್ದವರಿಗೂ, ಮನೆಯಲ್ಲೇ ಉಳಿದವರಿಗೂ ಪಟಪಟನೆ ಕಣ್ಣು ತೆರೆಸುತ್ತದೆ.

ಕುಲೀನರೇ ಪಾನ್ಸೋರಿಯನ್ನು ಪೋಷಿಸಿದರು ಎನ್ನುತ್ತಾರಲ್ಲ?

ನಿಜ. 19ನೇ ಶತಮಾನದಲ್ಲಿ ಯಾಂಗ್‌ಬಾನ್ ಮನೆಗಳ ಔತಣಗಳಲ್ಲಿ, ಅರಮನೆಯಲ್ಲಿ ಕೂಡ ಇದಕ್ಕೆ ಜಾಗ ಸಿಕ್ಕಿತು. ಗೊಚಾಂಗ್‌ನ ಶಿನ್ ಜೆ-ಹ್ಯೊ (1812–1884) ಎಂಬ ನಡುವಣ ಪದರದ ವ್ಯಕ್ತಿ ಪಠ್ಯಗಳನ್ನು ತಿದ್ದಿ ಬರೆದ. ಅವನ ಶಿಷ್ಯೆ ಜಿನ್ ಚೆ-ಸೊನ್ ಹೆಸರು ಉಳಿಸಿಕೊಂಡ ಮೊದಲ ಹಾಡುಗಾರ್ತಿ. ಪೋಷಣೆಗೆ ಬೆಲೆಯೂ ತೆರಬೇಕಾಯಿತು. ಚೀನೀ ಪಂಡಿತ ಪದಗಳು ತುಂಬಿಕೊಂಡವು, ಬಹಳ ಪೋಲಿ ಎನಿಸಿದ ಕಥೆಗಳು ಬಿದ್ದುಹೋದವು. ಅಲೆಮಾರಿ ಗಂಡ-ಹೆಂಡಿರ ಕಥೆಯಾದ ಬ್ಯೊನ್ ಗಾಂಗ್‌ಸೆ ಪಠ್ಯ ಉಳಿದರೂ ಹಾಡಿನ ಪರಂಪರೆ ಕಡಿದುಹೋಯಿತು. ಅತ್ಯಂತ ಕೆಳಗಿನವರ ಕಥೆಯೇ ಹೀಗೆ ಕೈಬಿಟ್ಟದ್ದು ನನಗೆ ಇಂದಿಗೂ ಸಂಕಟದ ವಿಷಯ.

ಮುಖವಾಡದ ಕುಣಿತದಲ್ಲಿ ಒಡೆಯರನ್ನು ಬೈಯುತ್ತಾರಂತೆ, ಹೌದೇ?

ಬೈಯುವುದಷ್ಟೇ ಅಲ್ಲ, ಬೆತ್ತಲೆ ಮಾಡುತ್ತಾರೆ. ಆಂದೊಂಗ್ ಬಳಿಯ ಹಾಹ್ವೆ ಹಳ್ಳಿಯ ಆಟವನ್ನೇ ನೋಡಿ. ಅಲ್ಲಿನ ಹಳೆಯ ಮರದ ಮುಖವಾಡಗಳು 1964ರಿಂದ ರಾಷ್ಟ್ರೀಯ ನಿಧಿ. ಯಾಂಗ್‌ಬಾನ್ ಮುಖವಾಡಕ್ಕೆ ದವಡೆ ಬೇರೆ, ದಾರದಿಂದ ಕಟ್ಟಿದ್ದು. ನಟ ತಲೆ ಎತ್ತಿದರೆ ಮುಖ ನಗುತ್ತದೆ, ತಗ್ಗಿಸಿದರೆ ಸಿಡುಕುತ್ತದೆ. ಆಳು ಇಮೆಯ ಮುಖವಾಡಕ್ಕೆ ಗದ್ದವೇ ಇಲ್ಲ. ಕೆತ್ತಿದವನು ಮುಗಿಸುವ ಮೊದಲೇ ರಕ್ತ ಕಾರಿ ಸತ್ತ ಎಂಬುದು ಐತಿಹ್ಯ.

ಒಬ್ಬ ಯಾಂಗ್‌ಬಾನ್, ಒಬ್ಬ ಪಂಡಿತ. ಇಬ್ಬರೂ ಬುನೆ ಎಂಬ ಬಿನ್ನಾಣಗಿತ್ತಿಯ ಹಿಂದೆ ಬಿದ್ದು, ತಮ್ಮಲ್ಲಿ ಯಾರು ದೊಡ್ಡವರು ಎಂದು ಜಗಳಕ್ಕೆ ನಿಲ್ಲುತ್ತಾರೆ. ‘ನಾನು ನಾಲ್ಕು ಗ್ರಂಥ, ಮೂರು ಶಾಸ್ತ್ರ ಓದಿದವನು’ ಎಂದು ಪಂಡಿತ ಬೀಗಿದರೆ, ‘ನಾನು ಎಂಟು ಗ್ರಂಥ, ಆರು ಶಾಸ್ತ್ರ’ ಎನ್ನುತ್ತಾನೆ ಯಾಂಗ್‌ಬಾನ್. ಆರು ಶಾಸ್ತ್ರ ಯಾವುವು ಎಂದು ಕೇಳಿದರೆ ಉತ್ತರ ಕೊಡುವವನು ಚೊರೆಂಗಿ ಎಂಬ ಆಳು, ಬಾಯಿಗೆ ಬಂದದ್ದೆಲ್ಲ ಸೇರಿಸಿ! ಅಷ್ಟರಲ್ಲಿ ಬೆಕ್‌ಜೊಂಗ್ ಹೋರಿಯ ಬೀಜ ಮಾರಲು ಬರುತ್ತಾನೆ. ಮೊದಲು ಛೀ ಎಂದವರು, ಗಂಡಸುತನಕ್ಕೆ ಒಳ್ಳೆಯದು ಎಂದು ಕಿವಿಗೆ ಬಿದ್ದ ಕೂಡಲೇ ‘ನನಗೆ, ನನಗೆ’ ಎಂದು ಎಳೆದಾಡುತ್ತಾರೆ. ಬಡ ಮುದುಕಿ ಹಾಲ್ಮಿ ಬಂದು, ಬದುಕಿಡೀ ಇಂಥ ಜಗಳ ಕಂಡಿಲ್ಲ ಎಂದು ಇಬ್ಬರಿಗೂ ಉಗಿಯುತ್ತಾಳೆ. ಅದೇ ಮುದುಕಿ ಇನ್ನೊಂದು ಅಂಕದಲ್ಲಿ ಮಗ್ಗದ ಮುಂದೆ ಕೂತು, ಸಣ್ಣ ವಯಸ್ಸಿನಲ್ಲೇ ವಿಧವೆಯಾಗಿ ನೇಯುತ್ತಾ ಕಳೆದ ಬದುಕನ್ನು ಹಾಡುತ್ತಾಳೆ.

ಒಡೆಯರು ಇದನ್ನು ಸಹಿಸಿಕೊಂಡದ್ದು ಹೇಗೆ?

ಹಾಹ್ವೆ, ರ್ಯು ಮನೆತನದ ಕುಲೀನರ ಊರು. ಆಟ ಊರದೇವತೆಯ ಪೂಜೆಯ ಭಾಗ, ಆದ್ದರಿಂದ ತಡೆಯುವಂತಿರಲಿಲ್ಲ. ಜೊತೆಗೆ, ವರ್ಷಾನುಗಟ್ಟಲೆ ಬಾಯಿ ಮುಚ್ಚಿಕೊಂಡವರು ಒಂದೆರಡು ದಿನ ಬಾಯಿ ಬಿಟ್ಟರೆ ಮತ್ತೆ ಕೆಲಸಕ್ಕೆ ಬರುತ್ತಾರೆ ಎಂಬ ಲೆಕ್ಕಾಚಾರವೂ ಇತ್ತೆಂದು ಹಲವರು ಹೇಳುತ್ತಾರೆ. ಇರಬಹುದು. ಆದರೆ ತಲೆಮಾರುಗಟ್ಟಲೆ ಒಡೆಯನನ್ನು ನಕ್ಕು ನೋಡಿದ ಕಣ್ಣು ಮತ್ತೆ ಮೊದಲಿನ ಭಯದಿಂದ ನೋಡುತ್ತದೆ ಎಂದು ನನಗೆ ಅನಿಸುವುದಿಲ್ಲ. ಇಂಥ ಮುಖವಾಡ ಕುಣಿತಗಳೆಲ್ಲ ‘ತಾಲ್‌ಚುಮ್’ ಹೆಸರಿನಲ್ಲಿ 2022ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು.

ಜನಪದ ಹಾಡುಗಳಲ್ಲಿ?

ಆರಿರಾಂಗ್ ಎಲ್ಲರಿಗೂ ಗೊತ್ತು. ಬಿಟ್ಟುಹೋಗುವ ನಲ್ಲನಿಗೆ ಹರದಾರಿ ದಾಟುವ ಮೊದಲೇ ಕಾಲು ನೋಯಲಿ ಎಂಬ ಹಾಡು, 1926ರ ನಾ ಉನ್-ಗ್ಯುವಿನ ಮೂಕಿಚಿತ್ರದ ನಂತರ ವಸಾಹತು ಕಾಲದ ಇಡೀ ನಾಡಿನ ಹಾಡಾಯಿತು. ದಕ್ಷಿಣ ಕೊರಿಯಾದಿಂದ 2012ರಲ್ಲಿ, ಉತ್ತರದಿಂದ 2014ರಲ್ಲಿ, ಎರಡೂ ಕಡೆಯಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ನನ್ನ ಮೆಚ್ಚಿನದು ಇನ್ನೊಂದು, ಮಕ್ಕಳ ಹಾಡು. ನೀಲಿ ಹಕ್ಕಿಯೇ, ಹೆಸರುಕಾಳಿನ ಹೊಲದಲ್ಲಿ ಕೂರಬೇಡ, ಹೂ ಉದುರಿದರೆ ಹೆಸರುಹಿಟ್ಟಿನ ತಿಂಡಿ ಮಾರುವವನು ಅಳುತ್ತಾ ಹೋಗುತ್ತಾನೆ ಎಂಬುದು ಅದರ ಭಾವ. 1894ರಲ್ಲಿ ಜೊಲ್ಲಾ ಪ್ರಾಂತ್ಯದ ರೈತರು ಲಂಚಕೋರ ಅಧಿಕಾರಿಗಳ ವಿರುದ್ಧ ದಂಗೆ ಎದ್ದರು. ಮುಂದಾಳು ಜೊನ್ ಬೊಂಗ್-ಜುನ್ ಗಿಡ್ಡ ಮನುಷ್ಯ, ಜನ ಅವನನ್ನು ‘ಹೆಸರುಕಾಳು’ ಎನ್ನುತ್ತಿದ್ದರು. ಜಪಾನಿ ಸೇನೆಯ ನೆರವಿನಿಂದ ದಂಗೆ ಅಡಗಿಸಿ, 1895ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಹೆಸರು ಹೇಳಿ ಅಳುವಂತಿರಲಿಲ್ಲ, ಅದಕ್ಕೆ ಮಕ್ಕಳ ಬಾಯಲ್ಲಿ ಹಾಡಿಸಿದರು ಎಂದು ಜನ ಇಂದಿಗೂ ಹೇಳುತ್ತಾರೆ.

ಸತ್ತವರಿಗಾಗಿಯೇ ಮಾಡುವ ಕಲೆ ಇದೆಯೇ?

ಜಿಂದೊ ದ್ವೀಪದ ‘ಶ್ಶಿತ್‌ಕಿಂಗುತ್’ ಇದೆ, ಆತ್ಮವನ್ನು ತೊಳೆದು ಕಳಿಸುವ ಪೂಜೆ. ಉದ್ದನೆಯ ಬಿಳಿ ಬಟ್ಟೆಗೆ ಗಂಟು ಹಾಕಿ ಕಂಬಕ್ಕೆ ಕಟ್ಟುತ್ತಾರೆ. ಮುದಾಂಗ್ ಹಾಡುತ್ತಾ, ಬಟ್ಟೆ ಜಾಡಿಸುತ್ತಾ ಒಂದೊಂದೇ ಗಂಟು ಬಿಚ್ಚುತ್ತಾಳೆ. ಸತ್ತವರ ಮನಸ್ಸಿನ ಗಂಟುಗಳು ಅವು. ಸುತ್ತ ಕೂತ ಮನೆಯವರು ಬಿಕ್ಕುತ್ತಿರುತ್ತಾರೆ, ನಡುವೆ ತಮಾಷೆಯೂ ನಡೆಯುತ್ತದೆ. ಬದುಕಿಡೀ ಕೀಳಾಗಿ ಕಂಡ ಹೆಂಗಸಿನ ಮುಂದೆ, ಸಾವಿನ ದಿನ ಎಲ್ಲರೂ ಕೈಕಟ್ಟಿ ಕೂರಬೇಕು.

ಹೊಸ ಕಾಲದಲ್ಲಿ ಇವೆಲ್ಲ ಏನಾದವು?

1970ರ ನವೆಂಬರ್ 13ರಂದು ಸೋಲ್ ನಗರದ ಪ್ಯೊಂಗ್‌ಹ್ವಾ ಮಾರುಕಟ್ಟೆಯಲ್ಲಿ 22 ವರ್ಷದ ದರ್ಜಿ ಜೊನ್ ತೆ-ಇಲ್, ಕಾರ್ಮಿಕ ಕಾನೂನು ಪಾಲಿಸಿ, ನಾವು ಯಂತ್ರಗಳಲ್ಲ ಎಂದು ಕೂಗುತ್ತಾ ಮೈಗೆ ಬೆಂಕಿ ಹಚ್ಚಿಕೊಂಡ. ಅದೇ ವರ್ಷ ಕಿಮ್ ಜಿ-ಹಾ ಎಂಬ ಕವಿ, ಉದ್ಯಮಿ, ಶಾಸಕ, ಅಧಿಕಾರಿ, ಸೇನಾಪತಿ, ಮಂತ್ರಿಗಳನ್ನು ಐವರು ದರೋಡೆಕೋರರೆಂದು ಪಾನ್ಸೋರಿ ಧಾಟಿಯಲ್ಲಿ ಗೇಲಿ ಮಾಡಿ ಜೈಲು ಸೇರಿದ. ವಿಶ್ವವಿದ್ಯಾಲಯಗಳ ಹುಡುಗ-ಹುಡುಗಿಯರು ಹಳ್ಳಿಯ ಮುದುಕರ ಬಳಿ ಮುಖವಾಡ ಕುಣಿತ ಕಲಿತು, ಅಂಗಳ ನಾಟಕ ಕಟ್ಟಿದರು. ಹಳೆಯ ಯಾಂಗ್‌ಬಾನ್ ಜಾಗದಲ್ಲಿ ಈಗ ಕಾರ್ಖಾನೆ ಮಾಲೀಕ ಬಂದು ನಿಂತ.

1980ರ ಮೇ ತಿಂಗಳಲ್ಲಿ, ಸೇನಾಡಳಿತದ ವಿರುದ್ಧ ಎದ್ದ ಗ್ವಾಂಗ್‌ಜು ನಗರದ ಮೇಲೆ ಸೇನೆ ನುಗ್ಗಿತು. ಮೇ 27ರ ನಸುಕಿನಲ್ಲಿ ಪ್ರಾಂತ್ಯದ ಸರ್ಕಾರಿ ಕಚೇರಿಯಲ್ಲಿ ಕೊನೆಯವರೆಗೂ ನಿಂತವರಲ್ಲಿ ಯುನ್ ಸಾಂಗ್-ವೊನ್ ಒಬ್ಬ. ಕಾರ್ಮಿಕರಿಗೆ ರಾತ್ರಿಶಾಲೆ ನಡೆಸಿದ ಪಾಕ್ ಗಿ-ಸುನ್ ಎಂಬ ತರುಣಿ ಅದಕ್ಕೂ ಮೊದಲು, 1978ರಲ್ಲಿ, ಕಲ್ಲಿದ್ದಲಿನ ಹೊಗೆಗೆ ಸಿಕ್ಕಿ ತೀರಿಕೊಂಡಿದ್ದಳು. 1982ರ ಫೆಬ್ರುವರಿಯಲ್ಲಿ ಇವರಿಬ್ಬರ ಆತ್ಮಗಳಿಗೆ ಮದುವೆ ಮಾಡಿಸಿದರು. (ದಕ್ಷಿಣ ಕನ್ನಡದ ಪ್ರೇತ ಮದುವೆ ಬಲ್ಲವರಿಗೆ ಇದು ವಿಚಿತ್ರವೆನಿಸದು.) ಆ ಮದುವೆಯ ನೆನಪಿಗೆ ಕಿಟಕಿಗಳಿಗೆ ಕಂಬಳಿ ಹೊದಿಸಿ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಹಾಡೇ ‘ಪ್ರಿಯರಿಗಾಗಿ ನಡಿಗೆ’. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಹರಡಿ ಕೊರಿಯಾದ ಪ್ರತಿ ಮುಷ್ಕರದ ಹಾಡಾಯಿತು. ಗ್ವಾಂಗ್‌ಜುವಿನ ಸರ್ಕಾರಿ ಸ್ಮರಣೆಯಲ್ಲಿ ಅದನ್ನು ಎಲ್ಲರೂ ಕೂಡಿ ಹಾಡಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗಳವಾಗಿ, 2017ರಲ್ಲಿ ಮತ್ತೆ ಎಲ್ಲರೂ ಹಾಡಿದರು.

‘ಪ್ಯಾರಾಸೈಟ್’ ಇದೇ ಸಾಲಿನದೇ?

ನನ್ನ ಮಟ್ಟಿಗೆ ಹೌದು. 2019ರ ಈ ಚಿತ್ರಕ್ಕೆ ಕಾನ್‌ನಲ್ಲಿ ಪಾಮ್ ದೋರ್, ಮರುವರ್ಷ ನಾಲ್ಕು ಆಸ್ಕರ್ ಬಂದವು. ಆಳು ಒಡೆಯನನ್ನು ಮರುಳು ಮಾಡುವ, ಸಭೆಯನ್ನು ನಗಿಸುತ್ತಲೇ ಎದೆಗೆ ಒದೆಯುವ ಅದರ ನಡೆ ಮುಖವಾಡ ಕುಣಿತದವರಿಗೆ ಗುರುತು ಸಿಗುವಂಥದ್ದು. ಬಡ ಕುಟುಂಬ ಇರುವ ಅರೆ-ನೆಲಮಾಳಿಗೆ ನಿಜವಾದದ್ದು. 1968ರಲ್ಲಿ ಉತ್ತರ ಕೊರಿಯಾದ ಕಮಾಂಡೋಗಳು ಅಧ್ಯಕ್ಷರ ನಿವಾಸದವರೆಗೆ ನುಗ್ಗಲು ಬಂದ ನಂತರ, 1970ರಲ್ಲಿ ಯುದ್ಧಕಾಲದ ಆಶ್ರಯಕ್ಕೆಂದು ಮನೆಗಳಿಗೆ ನೆಲಮಾಳಿಗೆ ಇರಬೇಕೆಂಬ ನಿಯಮ ಬಂತು. ಮನೆಗಳ ಕೊರತೆಯಾದಾಗ ಅವೇ ಬಾಡಿಗೆಗೆ ಹೋದವು. ಚಿತ್ರದಲ್ಲಿ ಶೌಚದ ಕಮೋಡು ಮೆಟ್ಟಿಲಿನಷ್ಟು ಎತ್ತರದ ಕಟ್ಟೆಯ ಮೇಲಿದೆ. ಕೊಳಚೆ ಪೈಪು ಮನೆಯ ನೆಲಕ್ಕಿಂತ ಮೇಲಿರುವಾಗ ಬೇರೆ ದಾರಿಯಿಲ್ಲ. ಮನೆಯ ಅತ್ಯಂತ ಎತ್ತರದ ಜಾಗ ಅದೇ. 2022ರ ಆಗಸ್ಟ್ ಮಳೆಯಲ್ಲಿ ಸೋಲ್‌ನ ಶಿಲ್ಲಿಮ್ ಬಡಾವಣೆಯ ಇಂಥದ್ದೇ ಮನೆಯಲ್ಲಿ ಒಂದೇ ಕುಟುಂಬದ ಮೂವರು ನೀರಿಗೆ ಸಿಕ್ಕಿ ಸತ್ತರು.

ಈ ದುಃಖ ಈಗ ಮಾರಾಟದ ಸರಕಾಗಿಲ್ಲವೇ?

ಆಗಿದೆ. ಅದರ ನಡುವೆಯೇ ಹೇಳಬೇಕಾದ್ದನ್ನು ಹೇಳುವವರೂ ಇದ್ದಾರೆ. ‘ಸ್ಕ್ವಿಡ್ ಗೇಮ್’ ನಾಯಕ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವನು. ಅದರ ಹಿಂದೆ 2009ರಲ್ಲಿ ಪ್ಯೊಂಗ್‌ತೆಕ್‌ನ ಸ್ಸಾಂಗ್‌ಯೊಂಗ್ ಕಾರ್ಖಾನೆಯಲ್ಲಿ 77 ದಿನ ನಡೆದು, ಪೊಲೀಸರು ಮುರಿದ ಮುಷ್ಕರದ ನೆನಪಿದೆ. ಪ್ರಭುತ್ವಕ್ಕೂ ಈ ಕಲೆಯ ಶಕ್ತಿ ಗೊತ್ತು. 2014ರ ಏಪ್ರಿಲ್ 16ರಂದು ಸೆವೊಲ್ ಹಡಗು ಮುಳುಗಿ 304 ಮಂದಿ ಸತ್ತರು, ಬಹುಪಾಲು ಶಾಲಾ ಮಕ್ಕಳು. ಅದರ ಬಗ್ಗೆ ದನಿ ಎತ್ತಿದವರೂ ಸೇರಿ ಸಾವಿರಾರು ಕಲಾವಿದರನ್ನು ಸರ್ಕಾರ ಕಪ್ಪುಪಟ್ಟಿಗೆ ಸೇರಿಸಿತ್ತೆಂಬುದು 2016ರಲ್ಲಿ ಬಯಲಾಯಿತು. ‘ಪ್ಯಾರಾಸೈಟ್’ ನಿರ್ದೇಶಕ ಬೊಂಗ್ ಜೂನ್-ಹೊ ಹೆಸರೂ ಆ ಪಟ್ಟಿಯಲ್ಲಿತ್ತು.

ಎಲ್ಲಿಂದ ಶುರು ಮಾಡಲಿ?

ಪೂರ್ತಿ ಪಾನ್ಸೋರಿಗೆ ಕೂರಬೇಡಿ. ಚುನ್ಹ್ಯಾಂಗ್ ಕಥೆಯ ‘ಸಾರಾಂಗ್‌ಗಾ’ ಎಂಬ ಪ್ರೇಮಗೀತೆ ಕೇಳಿ, ಆಮೇಲೆ ಅವಳೇ ಜೈಲಿನಲ್ಲಿ ಕೆದರಿದ ಕೂದಲಲ್ಲಿ ಕೂತು ಹಾಡುವ ‘ಸ್ಸುಕ್‌ದೆಮೊರಿ’. ಹಳೆಯ ಗಾಯಕ ಇಮ್ ಬಾಂಗ್-ಉಲ್ ದನಿಯಲ್ಲಿ ಅದು ಯೂಟ್ಯೂಬಿನಲ್ಲಿ ಸಿಗುತ್ತದೆ. ಉಪಶೀರ್ಷಿಕೆ ಇರುವ ಜೊಕ್‌ಬ್ಯೊಕ್‌ಗಾ ಸಿಕ್ಕರೆ ಸಿಪಾಯಿಗಳ ಅಳುವಿನ ಭಾಗ ಬಿಡಬೇಡಿ. ಕೊರಿಯಾಕ್ಕೇ ಹೋಗುವವರು ಹಾಹ್ವೆ ಹಳ್ಳಿಯ ಆಟದ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ, ಆಂದೊಂಗ್ ನಗರದಿಂದ ಅಲ್ಲಿಗೆ ಬಸ್ಸಿದೆ. ಮಾತು ಅರ್ಥವಾಗದಿದ್ದರೂ ಹೋರಿಬೀಜದ ದೃಶ್ಯಕ್ಕೆ ಅನುವಾದ ಬೇಕಾಗುವುದಿಲ್ಲ.